ವರ್ಷದ ಕೂಳೋ, ಹರ್ಷದ ಕೂಳೋ: ಬೇಸ್‌ಬಾಲ್‌ನ ಅಕ್ಟೋಬರ್ ಲೆಕ್ಕ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 2023ರಲ್ಲಿ 100 ಅಥವಾ ಅದಕ್ಕಿಂತ ಹೆಚ್ಚು ಪಂದ್ಯ ಗೆದ್ದ ತಂಡಗಳು ಮೂರು. ಅಟ್ಲಾಂಟಾ 104, ಬಾಲ್ಟಿಮೋರ್ 101, ಲಾಸ್ ಏಂಜಲೀಸ್ ಡಾಡ್ಜರ್ಸ್ 100. ಮಾರ್ಚ್ ಕೊನೆಯಿಂದ ಅಕ್ಟೋಬರ್ 1ರವರೆಗೆ ಆರು ತಿಂಗಳು, ತಲಾ 162 ಪಂದ್ಯ ಆಡಿ ಸಂಪಾದಿಸಿದ ಗೆಲುವುಗಳು ಇವು. ಆಮೇಲೆ ಪ್ಲೇ ಆಫ್ ಶುರುವಾಯಿತು. ತಾವು ಆಡಿದ ಮೊದಲ ಸರಣಿಯಲ್ಲೇ ಮೂರೂ ತಂಡಗಳು ಮನೆಗೆ ಹೋದವು. ಮೂರೂ ಸೇರಿ ಗೆದ್ದದ್ದು ಒಂದೇ ಒಂದು ಪಂದ್ಯ. ಕೊನೆಗೆ ವರ್ಲ್ಡ್ ಸೀರೀಸ್ ಆಡಿದ್ದು 90 ಪಂದ್ಯ ಗೆದ್ದಿದ್ದ ಟೆಕ್ಸಸ್ ಮತ್ತು 84 ಗೆದ್ದಿದ್ದ ಅರಿಝೋನಾ.

ಹರ್ಷದ ಕೂಳಿಗಾಗಿ ವರ್ಷದ ಕೂಳು ಕಳೆದುಕೊಂಡರು ಅನ್ನುವ ಮಾತು ನಮ್ಮಲ್ಲಿದೆ. ಅಮೆರಿಕದಲ್ಲಿ ಅಂದಿನಿಂದ ಇಂದಿನವರೆಗೆ ನಡೆದಿರುವ ವಾದ ಹೆಚ್ಚುಕಡಿಮೆ ಇದೇ. ಅಕ್ಟೋಬರ್‌ನ ಹಬ್ಬಕ್ಕಾಗಿ ಆರು ತಿಂಗಳ ದುಡಿಮೆಯನ್ನು ಬೆಲೆಯಿಲ್ಲದಂತೆ ಮಾಡುತ್ತಿದ್ದೇವೆಯೇ? ಪ್ಲೇ ಆಫ್ ತಂಡಗಳು ಹೆಚ್ಚಾದವೇ, ಸರಣಿಗಳು ಚಿಕ್ಕವಾದವೇ, ಮೇಲಿನ ತಂಡಗಳಿಗೆ ಕೊಡುವ ಬಿಡುವೇ ಅವುಗಳಿಗೆ ಮುಳುವಾಗುತ್ತಿದೆಯೇ? ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಅಮೆರಿಕದ ತಂಡಗಳ ಜತೆ ಕೆಲಸ ಮಾಡುವ ನಮ್ಮಂಥವರಿಗೆ ಇದು ತೀರ ದೂರದ ಮಾತೂ ಅಲ್ಲ. ಅಲ್ಲಿನ ಪೂರ್ವ ಕರಾವಳಿಯಲ್ಲಿ ರಾತ್ರಿ ಎಂಟಕ್ಕೆ ಶುರುವಾಗುವ ಪಂದ್ಯ ನಮಗೆ ಬೆಳಿಗ್ಗೆ ಐದೂವರೆಗೆ. ಅಕ್ಟೋಬರ್ ಬಂತೆಂದರೆ ನಮ್ಮ ಸಂಜೆ ಏಳರ ಕಾಲ್‌ನಲ್ಲಿ ಆ ಕಡೆಯವರು ನಿದ್ದೆಗೆಟ್ಟ ಕಣ್ಣಲ್ಲಿ ಕೂತಿರುತ್ತಾರೆ. ಐಪಿಎಲ್ ತಿಂಗಳಲ್ಲಿ ನಾವು ಕೂರುವ ಹಾಗೆ.

ಈ ವಾದ ಈಗ ಮತ್ತೆ ಕಾವೇರಲು ಕಾರಣವಿದೆ. ಮಾಲೀಕರು ಮತ್ತು ಆಟಗಾರರ ಸಂಘದ ನಡುವಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಹಿಂದಿನ ಒಪ್ಪಂದ ಮುಗಿದಾಗ ಮಾಲೀಕರು ಲಾಕೌಟ್ ಘೋಷಿಸಿ 99 ದಿನ ಬಾಗಿಲು ಮುಚ್ಚಿದ್ದರು. ಆಗ ಅವರು ಕೇಳಿದ್ದು 14 ತಂಡಗಳ ಪ್ಲೇ ಆಫ್. 2022ರ ಮಾರ್ಚ್‌ನಲ್ಲಿ ಸಿಕ್ಕಿದ್ದು 12. ಮುಂದಿನ ಮಾತುಕತೆಯಲ್ಲೂ 14ರ ಬೇಡಿಕೆ ಮೇಜಿನ ಮೇಲೆ ಬರಬಹುದು ಎಂದೇ ನನ್ನ ಎಣಿಕೆ.

ಈಗಿನ ವ್ಯವಸ್ಥೆ ಹೀಗಿದೆ. ಒಟ್ಟು 30 ತಂಡ, ಅಮೆರಿಕನ್ ಮತ್ತು ನ್ಯಾಷನಲ್ ಎಂಬ ಎರಡು ಲೀಗ್, ಪ್ರತಿ ಲೀಗ್‌ನಲ್ಲಿ ಐದೈದು ತಂಡಗಳ ಮೂರು ಡಿವಿಜನ್. ಪ್ರತಿ ಲೀಗ್‌ನಿಂದ ಆರು ತಂಡ ಪ್ಲೇ ಆಫ್‌ಗೆ: ಮೂರು ಡಿವಿಜನ್ ವಿಜೇತರು ಮತ್ತು ಉಳಿದವರಲ್ಲಿ ಹೆಚ್ಚು ಗೆದ್ದ ಮೂವರು. ಈ ಉಳಿದವರನ್ನು ವೈಲ್ಡ್ ಕಾರ್ಡ್ ಎನ್ನುತ್ತಾರೆ. ಮೇಲಿನ ಇಬ್ಬರು ಡಿವಿಜನ್ ವಿಜೇತರಿಗೆ ಮೊದಲ ಸುತ್ತು ಆಡುವ ಅಗತ್ಯವಿಲ್ಲ. ಉಳಿದ ನಾಲ್ವರು ಮೂರು ಪಂದ್ಯಗಳ ಸರಣಿ ಆಡುತ್ತಾರೆ, ಎಲ್ಲ ಪಂದ್ಯಗಳೂ ಮೇಲಿನ ಕ್ರಮಾಂಕದವರ ಅಂಗಳದಲ್ಲಿ. ಆಮೇಲೆ ಐದು ಪಂದ್ಯಗಳ ಡಿವಿಜನ್ ಸರಣಿ, ಏಳು ಪಂದ್ಯಗಳ ಲೀಗ್ ಫೈನಲ್, ಕೊನೆಗೆ ಏಳು ಪಂದ್ಯಗಳ ವರ್ಲ್ಡ್ ಸೀರೀಸ್.

ಇದು ಒಂದೇ ಸಲ ಯಾರೋ ಕೂತು ವಿನ್ಯಾಸ ಮಾಡಿದ್ದಲ್ಲ. ಹಳೆಯ ಸಾಫ್ಟ್‌ವೇರ್ ಹಾಗೆ, ಒಂದು ದೂರು ಬಂದಾಗ ಒಂದು ತೇಪೆ. 1968ರವರೆಗೆ ಪ್ಲೇ ಆಫ್ ಎಂಬುದೇ ಇರಲಿಲ್ಲ. ಎರಡು ಲೀಗ್‌ಗಳಲ್ಲಿ ಮೊದಲು ಬಂದವರು ನೇರ ವರ್ಲ್ಡ್ ಸೀರೀಸ್ ಆಡುತ್ತಿದ್ದರು. 1969ರಲ್ಲಿ ಡಿವಿಜನ್‌ಗಳಾದವು. 1993ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ 103 ಪಂದ್ಯ ಗೆದ್ದೂ ಹೊರಗುಳಿಯಿತು, ಏಕೆಂದರೆ ಅದೇ ಡಿವಿಜನ್‌ನಲ್ಲಿದ್ದ ಅಟ್ಲಾಂಟಾ 104 ಗೆದ್ದಿತ್ತು. ಅಂಥದ್ದನ್ನು ತಡೆಯುವ ವೈಲ್ಡ್ ಕಾರ್ಡ್ ಬಂದದ್ದು ಆಮೇಲೆ. 1994ರಲ್ಲಿ ಮುಷ್ಕರದಿಂದ ಪ್ಲೇ ಆಫ್ ನಡೆಯಲೇ ಇಲ್ಲ, ಹಾಗಾಗಿ ಅದು ಜಾರಿಗೆ ಬಂದದ್ದು 1995ರಲ್ಲಿ. 2012ರಲ್ಲಿ ವೈಲ್ಡ್ ಕಾರ್ಡ್ ಎರಡಾಗಿ, ಇಬ್ಬರ ನಡುವೆ ಒಂದೇ ಪಂದ್ಯದ ತೀರ್ಮಾನ ಇಟ್ಟರು. 2021ರಲ್ಲಿ 106 ಪಂದ್ಯ ಗೆದ್ದ ಡಾಡ್ಜರ್ಸ್, 107 ಗೆದ್ದ ಸ್ಯಾನ್ ಫ್ರಾನ್ಸಿಸ್ಕೊಗಿಂತ ಒಂದು ಹೆಜ್ಜೆ ಹಿಂದಿದ್ದ ತಪ್ಪಿಗೆ ಆ ಒಂದೇ ಪಂದ್ಯದ ಜೂಜು ಆಡಬೇಕಾಯಿತು. ಅದಾದ ಮರುವರ್ಷವೇ ಮೂರು ಪಂದ್ಯಗಳ ಸರಣಿ ಬಂತು. ಎಲ್ಲಕ್ಕಿಂತ ಕೆಟ್ಟ ತೇಪೆ 1981ರದ್ದು. ನಡುವೆ ಮುಷ್ಕರವಾದ್ದರಿಂದ ಋತುವನ್ನು ಎರಡು ಭಾಗ ಮಾಡಿ, ಎರಡೂ ಭಾಗಗಳ ವಿಜೇತರಿಗೆ ಪ್ಲೇ ಆಫ್ ಕೊಟ್ಟರು. ಒಟ್ಟಾರೆ ಇಡೀ ಬೇಸ್‌ಬಾಲ್‌ನಲ್ಲೇ ಉತ್ತಮ ದಾಖಲೆಯಿದ್ದ ಸಿನ್ಸಿನಾಟಿ ಎರಡೂ ಭಾಗಗಳಲ್ಲಿ ಎರಡನೆಯದಾಗಿ ಹೊರಗೆ ಕೂತಿತು.

ಈಗ ಲೆಕ್ಕಕ್ಕೆ ಬರೋಣ. ಇದಕ್ಕೆ ದೊಡ್ಡ ಕಂಪ್ಯೂಟರ್ ಬೇಡ, ಪಿಯುಸಿಯಲ್ಲಿ ಕಲಿತ ದ್ವಿಪದ ಪ್ರಮೇಯ ಸಾಕು. 100 ಪಂದ್ಯ ಗೆದ್ದ ತಂಡವೆಂದರೆ ಎಲ್ಲ ತಂಡಗಳ ಎದುರು ನೂರಕ್ಕೆ 62ರಷ್ಟು ಗೆದ್ದ ತಂಡ. ಪ್ಲೇ ಆಫ್‌ಗೆ ಬಂದ ಇನ್ನೊಂದು ಒಳ್ಳೆಯ ತಂಡದ ಎದುರು ಆ ಅಂಕಿ 55–57ಕ್ಕೆ ಇಳಿಯುತ್ತದೆ. 55 ಎಂದೇ ಹಿಡಿಯಿರಿ. ಹಾಗಾದರೆ ಮೂರು ಪಂದ್ಯಗಳ ಸರಣಿಯನ್ನು ಆ ಉತ್ತಮ ತಂಡ ಗೆಲ್ಲುವ ಸಾಧ್ಯತೆ ನೂರಕ್ಕೆ 57.5. ಐದು ಪಂದ್ಯಗಳಾದರೆ 59.3. ಏಳಾದರೆ 60.8. ಅಷ್ಟೇ!

ಮೊದಲ ಸುತ್ತಿನ ಬಿಡುವು ಪಡೆದು ಮೂರು ಸರಣಿಗಳನ್ನು ಸಾಲಾಗಿ ಗೆಲ್ಲುವ ಸಾಧ್ಯತೆ ಸುಮಾರು 22. ಅಂದರೆ ಎಲ್ಲರಿಗಿಂತ ಉತ್ತಮ ತಂಡವೂ ಐದು ವರ್ಷದಲ್ಲಿ ಸುಮಾರು ನಾಲ್ಕು ವರ್ಷ ಚಾಂಪಿಯನ್ ಆಗುವುದಿಲ್ಲ. ಉತ್ತಮ ತಂಡ ನೂರರಲ್ಲಿ 95 ಸಲ ಗೆಲ್ಲಬೇಕೆಂದರೆ ಸರಣಿ ಎಷ್ಟು ಉದ್ದವಿರಬೇಕು ಎಂದು ನೋಡಿದರೆ ಉತ್ತರ ಸುಮಾರು 270 ಪಂದ್ಯ. ಇಡೀ ಋತುವಿಗಿಂತ ಉದ್ದ. 116 ಪಂದ್ಯ ಗೆದ್ದ 2001ರ ಸಿಯಾಟಲ್ ವರ್ಲ್ಡ್ ಸೀರೀಸ್ ತಲುಪಲಿಲ್ಲ. 83 ಗೆದ್ದ 2006ರ ಸೇಂಟ್ ಲೂಯಿಸ್ ಚಾಂಪಿಯನ್ ಆಯಿತು. ಇದು ಈಗಿನ ನಿಯಮದ ಪಾಪವಲ್ಲ, ಈ ಆಟದ ಸ್ವಭಾವ. ಬ್ಯಾಟಿಗೆ ಚೆಂಡು ಅರ್ಧ ಇಂಚು ಮೇಲೆ ತಗುಲಿದರೆ ಕ್ಯಾಚ್, ಕೆಳಗೆ ತಗುಲಿದರೆ ಹೋಮ್ ರನ್.

ಹಾಗಾಗಿ ‘ಬಿಡುವಿನ ಶಾಪ’ದ ಮಾತನ್ನು ನಾನು ನಂಬುವುದಿಲ್ಲ. ಋತು ಭಾನುವಾರ ಮುಗಿದರೆ ಬಿಡುವು ಪಡೆದ ತಂಡ ಮತ್ತೆ ಆಡುವುದು ಮುಂದಿನ ಶನಿವಾರ. ದಿನಾ ಆಡಿ ಅಭ್ಯಾಸವಿರುವ ಬ್ಯಾಟರ್‌ಗಳಿಗೆ ಐದು ದಿನದ ಬಿಡುವು ಕೈ ಜಡ್ಡುಗಟ್ಟಿಸುತ್ತದೆ ಎಂಬ ವಾದ 2022 ಮತ್ತು 2023ರಲ್ಲಿ ಜೋರಾಗಿತ್ತು. ಆ ಎರಡು ವರ್ಷ ಬಿಡುವು ಪಡೆದ ಎಂಟು ತಂಡಗಳಲ್ಲಿ ಐದು ತಮ್ಮ ಮೊದಲ ಸರಣಿ ಸೋತಿದ್ದವು. 2022ರಲ್ಲಿ 111 ಪಂದ್ಯ ಗೆದ್ದ ಡಾಡ್ಜರ್ಸ್ 89 ಗೆದ್ದ ಸ್ಯಾನ್ ಡಿಯಾಗೊಗೆ ಸೋತದ್ದು ಅದರಲ್ಲಿ ಒಂದು. ಆದರೆ 2024 ಮತ್ತು 2025ರಲ್ಲಿ ಅದೇ ನಿಯಮ, ಅದೇ ಬಿಡುವು, ಎಂಟರಲ್ಲಿ ಆರು ಗೆದ್ದವು. ನಾಲ್ಕು ವರ್ಷ ಸೇರಿಸಿದರೆ 16 ಸರಣಿಗಳಲ್ಲಿ 9 ಗೆಲುವು, ನೂರಕ್ಕೆ 56. ಮೇಲಿನ ನಮ್ಮ ಲೆಕ್ಕ ಹೇಳಿದ್ದು 59.

ಇನ್ನೂ ತಮಾಷೆಯೆಂದರೆ ಲೀಗ್‌ವಾರು ಬಿಡಿಸಿ ನೋಡಿದಾಗ. ಬಿಡುವು ಪಡೆದ ಅಮೆರಿಕನ್ ಲೀಗ್ ತಂಡಗಳು ಎಂಟರಲ್ಲಿ ಏಳು ಸರಣಿ ಗೆದ್ದಿವೆ, ನ್ಯಾಷನಲ್ ಲೀಗ್‌ನವು ಎಂಟರಲ್ಲಿ ಎರಡೇ. ಕೈ ಜಡ್ಡುಗಟ್ಟುವುದು ನ್ಯಾಷನಲ್ ಲೀಗ್‌ನವರಿಗೆ ಮಾತ್ರವೇ? ನಮ್ಮ ಕೆಲಸದಲ್ಲಿ ಹದಿನಾರು ಬಳಕೆದಾರರ ಮೇಲೆ ಪರೀಕ್ಷೆ ಮಾಡಿ ಬಟನ್ನಿನ ಬಣ್ಣ ಬದಲಿಸುತ್ತೇನೆ ಎಂದು ಹೋದರೆ ಮ್ಯಾನೇಜರ್ ನಕ್ಕು ವಾಪಸ್ ಕಳಿಸುತ್ತಾರೆ. ಬೇಸ್‌ಬಾಲ್ ಪಂಡಿತರು ಅಷ್ಟೇ ಸಣ್ಣ ಲೆಕ್ಕ ಹಿಡಿದು ಎರಡು ಚಳಿಗಾಲ ವಾದ ಮಾಡಿದರು.

ಅವರು ಕೊಟ್ಟ ಮದ್ದು ಕೂಡ ಅಂಥದ್ದೇ: ಡಿವಿಜನ್ ಸರಣಿಯನ್ನು ಐದರಿಂದ ಏಳು ಪಂದ್ಯಕ್ಕೆ ಏರಿಸಿ. ಕೇಳಲು ನ್ಯಾಯವಾಗಿದೆ. ಆದರೆ ಸಿಗುವ ಲಾಭ 59.3ರಿಂದ 60.8ಕ್ಕೆ, ನೂರಕ್ಕೆ ಒಂದೂವರೆ. ಅಷ್ಟಕ್ಕಾಗಿ ಈಗಾಗಲೇ ನವೆಂಬರ್ ಮುಟ್ಟುತ್ತಿರುವ ಕ್ಯಾಲೆಂಡರ್‌ಗೆ ಇನ್ನೂ ಎರಡು ಮೂರು ದಿನ ಸೇರಬೇಕು. 2025ರ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ ನಡೆದದ್ದು ನವೆಂಬರ್ 1ರಂದು, ಟೊರಾಂಟೊದಲ್ಲಿ. ಅಲ್ಲಿ ಮುಚ್ಚುವ ಛಾವಣಿಯಿದೆ, ಸರಿ. ತೆರೆದ ಮೈದಾನವಿರುವ ಬಾಸ್ಟನ್‌ನಲ್ಲೋ ಶಿಕಾಗೊದಲ್ಲೋ ಆ ರಾತ್ರಿ ಕೂತು ನೋಡುವವರ ಪಾಡು ಬೇರೆ.

ಋತುವಿನ ದುಡಿಮೆಗೆ ಬೆಲೆ ಕೊಡಬೇಕೆಂದರೆ ಬಿಡುವಿನ ರೂಪದಲ್ಲಿ ಕೊಟ್ಟರೆ ಸಾಲದು, ಗೆಲುವಿನ ರೂಪದಲ್ಲೇ ಕೊಡಬೇಕು. ಜಪಾನ್ ಇದನ್ನು ಮಾಡುತ್ತಿದೆ. ಅಲ್ಲಿನ ಕ್ಲೈಮ್ಯಾಕ್ಸ್ ಸೀರೀಸ್‌ನ ಕೊನೆಯ ಹಂತಕ್ಕೆ ಲೀಗ್ ವಿಜೇತ ತಂಡ ಬರುವಾಗಲೇ ಒಂದು ಗೆಲುವು ಅದರ ಖಾತೆಯಲ್ಲಿರುತ್ತದೆ, ಎಲ್ಲ ಪಂದ್ಯಗಳೂ ಅದರದ್ದೇ ಅಂಗಳದಲ್ಲಿ. ಕೊರಿಯಾದ ಲೀಗ್‌ನಲ್ಲಿ ನಾಲ್ಕನೇ ಮತ್ತು ಐದನೇ ಸ್ಥಾನದವರ ನಡುವಿನ ಹಣಾಹಣಿಯಲ್ಲಿ ನಾಲ್ಕನೆಯವರಿಗೆ ಒಂದು ಗೆಲುವು ಅಥವಾ ಡ್ರಾ ಸಾಕು, ಐದನೆಯವರು ಎರಡೂ ಪಂದ್ಯ ಗೆಲ್ಲಬೇಕು. ಈ ಮುನ್ನಡೆಯ ಬೆಲೆ ಎಷ್ಟು? ಅಮೆರಿಕದ ಐದು ಪಂದ್ಯಗಳ ಸರಣಿಯಲ್ಲಿ ಬಿಡುವು ಪಡೆದ ತಂಡಕ್ಕೆ ಒಂದು ಗೆಲುವು ಮೊದಲೇ ಕೊಟ್ಟರೆ, ಅದೇ 55ರ ಲೆಕ್ಕದಲ್ಲಿ ಅದು ಸರಣಿ ಗೆಲ್ಲುವ ಸಾಧ್ಯತೆ 59ರಿಂದ 76ಕ್ಕೆ ಏರುತ್ತದೆ. ಪಂದ್ಯಗಳು ಹೆಚ್ಚುವುದಿಲ್ಲ, ಬದಲಿಗೆ ಒಂದು ಕಡಿಮೆಯಾಗುತ್ತದೆ. ಟಿವಿಯವರಿಗೆ ಅದೇ ಇಷ್ಟವಾಗದ ಸಂಗತಿ ಎನ್ನುವುದು ಬೇರೆ ಮಾತು.

ಇದರಿಂದ ಅಚ್ಚರಿ ಸತ್ತುಹೋಗುವುದಿಲ್ಲವೇ ಎಂದು ಕೇಳಬಹುದು. 2024ರ ಜಪಾನ್ ನೋಡಿ. ತನ್ನ ಲೀಗ್‌ನಲ್ಲಿ ಮೂರನೇ ಸ್ಥಾನದಲ್ಲಿದ್ದ ಯೊಕೊಹಾಮಾ, 71 ಗೆಲುವು 69 ಸೋಲಿನ ತಂಡ, ಮುನ್ನಡೆ ಇಟ್ಟುಕೊಂಡೇ ಕಣಕ್ಕಿಳಿದ ಯೊಮಿಯುರಿ ಜೈಂಟ್ಸ್ ತಂಡವನ್ನು ಅದರದ್ದೇ ಅಂಗಳದಲ್ಲಿ ಸೋಲಿಸಿತು. ಆಮೇಲೆ 91 ಪಂದ್ಯ ಗೆದ್ದಿದ್ದ ಸಾಫ್ಟ್‌ಬ್ಯಾಂಕ್ ತಂಡವನ್ನೂ ಮಣಿಸಿ ಜಪಾನ್ ಸೀರೀಸ್ ಎತ್ತಿತು. ಬಾಗಿಲು ಕಿರಿದಾಗಿತ್ತು, ಆದರೆ ಮುಚ್ಚಿರಲಿಲ್ಲ.

ನಮಗೆ ಈ ತರ್ಕ ಹೊಸದಲ್ಲ. 2025ರ ಐಪಿಎಲ್ ಲೀಗ್ ಹಂತದ ಕೊನೆಯ ಪಂದ್ಯದಲ್ಲಿ ಲಖನೌ ಕೊಟ್ಟ 228ರ ಗುರಿಯನ್ನು ಆರ್‌ಸಿಬಿ ಬೆನ್ನಟ್ಟಿದ ರಾತ್ರಿ ನೆನಪಿದೆಯಲ್ಲ? ಪ್ಲೇ ಆಫ್ ಸ್ಥಾನ ಅದಾಗಲೇ ಖಚಿತವಾಗಿತ್ತು. ಆದರೂ ಊರು ಬಿಟ್ಟು ಊರಿನಲ್ಲಿರುವ ನಾವೆಲ್ಲ ಉಗುರು ಕಚ್ಚುತ್ತ ಕೂತದ್ದು ಏಕೆ? ಮೊದಲ ಎರಡು ಸ್ಥಾನಕ್ಕೆ ಬಂದರೆ ಒಂದು ಸೋಲನ್ನು ತಡೆದುಕೊಳ್ಳುವ ಹಕ್ಕು ಸಿಗುತ್ತದೆ, ಗೆದ್ದರೆ ನೇರ ಫೈನಲ್. 2011ರಿಂದ ಐಪಿಎಲ್‌ನಲ್ಲಿರುವ ಈ ಕ್ರಮ, ಒಂದೇ ಪಂದ್ಯದಲ್ಲಿ ಅದೃಷ್ಟದ ಪಾಲು ದೊಡ್ಡದು ಎಂದು ಒಪ್ಪಿಕೊಂಡು ಮಾಡಿದ್ದು. ಬೇಸ್‌ಬಾಲ್‌ನಲ್ಲಿ ಎರಡನೇ ಅವಕಾಶ ಕೊಡಲು ದಿನಗಳೇ ಇಲ್ಲ, ಒಂದೊಂದು ಸರಣಿಗೇ ವಾರ ಬೇಕು. ಹಾಗಾಗಿ ಜಪಾನಿನ ದಾರಿಯೇ ಹತ್ತಿರದ್ದು. ಸೊನ್ನೆ–ಸೊನ್ನೆಯಿಂದ ಶುರುವಾಗದ ಸರಣಿಯನ್ನು ಅಮೆರಿಕದ ಪ್ರೇಕ್ಷಕ ಸುಲಭಕ್ಕೆ ಒಪ್ಪುತ್ತಾನೆ ಎನ್ನುವ ಭ್ರಮೆ ನನಗಿಲ್ಲ. ಕನಿಷ್ಠ ಐದೂ ಪಂದ್ಯಗಳನ್ನು ಮೇಲಿನ ತಂಡದ ಅಂಗಳದಲ್ಲೇ ಆಡಿಸಬಹುದು. ಮೊದಲ ಸುತ್ತಿನಲ್ಲಿ ಈಗಾಗಲೇ ಹಾಗೇ ಇದೆ.

ಪ್ಲೇ ಆಫ್ ಬಗ್ಗೆ ಇಷ್ಟು ಗದ್ದಲ ಮಾಡುವವರು ವೇಳಾಪಟ್ಟಿಯ ಬಗ್ಗೆ ಮಾತಾಡುವುದು ಕಡಿಮೆ. ಅನ್ಯಾಯ ಹೆಚ್ಚಾಗಿ ಅಡಗಿರುವುದು ಅಲ್ಲಿ. 2022ರವರೆಗೆ ಪ್ರತಿ ತಂಡ ತನ್ನ ಡಿವಿಜನ್‌ನ ನಾಲ್ವರ ಎದುರೇ ತಲಾ 19ರಂತೆ 76 ಪಂದ್ಯ ಆಡುತ್ತಿತ್ತು. ಬಲಹೀನ ಡಿವಿಜನ್‌ನಲ್ಲಿದ್ದವರಿಗೆ ಹಬ್ಬ, ಬಲಿಷ್ಠರ ನಡುವೆ ಸಿಕ್ಕವರಿಗೆ ವನವಾಸ. ಆದರೆ ವೈಲ್ಡ್ ಕಾರ್ಡ್‌ಗೆ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದರು. 2023ರಿಂದ ಅದು ತಲಾ 13ಕ್ಕೆ, ಒಟ್ಟು 52ಕ್ಕೆ ಇಳಿಯಿತು. ಪ್ರತಿ ತಂಡ ಉಳಿದ 29 ತಂಡಗಳ ಎದುರೂ ಆಡುತ್ತದೆ. ಪ್ರಯಾಣ ಹೆಚ್ಚಿತು, ಹಳೆಯ ಹಗೆತನದ ಪಂದ್ಯಗಳು ಕಡಿಮೆಯಾದವು ಎಂಬ ದೂರುಗಳಿವೆ. ನನ್ನ ಮಟ್ಟಿಗೆ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಕಾಲದ ಅತಿ ನ್ಯಾಯವಾದ ಬದಲಾವಣೆ ಇದು. ಪಿಚರ್ ಇಷ್ಟು ಸೆಕೆಂಡಿನಲ್ಲಿ ಎಸೆಯಲೇಬೇಕು ಎಂಬ ಗಡಿಯಾರವೂ ಅದೇ ವರ್ಷ ಬಂದು ಪಂದ್ಯಗಳು ಇಪ್ಪತ್ತಕ್ಕೂ ಹೆಚ್ಚು ನಿಮಿಷ ಚಿಕ್ಕವಾದವು. ಎಲ್ಲರೂ ಅದನ್ನೇ ಮೆಚ್ಚಿದರು, ಇದನ್ನು ಗಮನಿಸಿದವರು ಕಡಿಮೆ.

ವೇಳಾಪಟ್ಟಿಯಲ್ಲಿ ಸಡಿಲವೇ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ 2024ರ ಸೆಪ್ಟೆಂಬರ್ ಕೊನೆಯ ವಾರ ಸಾಕ್ಷಿ. ನ್ಯೂಯಾರ್ಕ್ ಮೆಟ್ಸ್ ಅಟ್ಲಾಂಟಾಕ್ಕೆ ಬಂದಿತ್ತು. ಎರಡೂ ತಂಡಗಳಿಗೆ ಪ್ಲೇ ಆಫ್ ಸ್ಥಾನದ ಪ್ರಶ್ನೆ. ಹೆಲೀನ್ ಚಂಡಮಾರುತದ ಮುನ್ಸೂಚನೆಯಿಂದ 25 ಮತ್ತು 26ರ ಪಂದ್ಯಗಳನ್ನು ಮುಂದೂಡಿದರು. ಮುಂದೂಡಿ ಎಲ್ಲಿಗೆ ಹಾಕುವುದು? ಭಾನುವಾರ 29ಕ್ಕೆ ಋತು ಮುಗಿಯಬೇಕು, ಮಂಗಳವಾರ ಪ್ಲೇ ಆಫ್ ಶುರು. ಉಳಿದದ್ದು ಸೋಮವಾರ ಒಂದೇ. ಉಳಿದ ತಂಡಗಳ ಋತು ಮುಗಿದ ಮೇಲೆ ಈ ಇಬ್ಬರು ಒಂದೇ ದಿನ ಎರಡು ಪಂದ್ಯ ಆಡಿದರು. ಮೊದಲನೆಯದನ್ನು ಮೆಟ್ಸ್ 8–7ರಿಂದ ಗೆದ್ದು ಸ್ಥಾನ ಖಚಿತ ಮಾಡಿಕೊಂಡಿತು. ಎರಡನೆಯದರಲ್ಲಿ ಅದಕ್ಕೆ ಗೆಲ್ಲುವ ಅಗತ್ಯ ಉಳಿದಿರಲಿಲ್ಲ. ಅಟ್ಲಾಂಟಾ 3–0ರಿಂದ ಗೆದ್ದು ಒಳಗೆ ಬಂತು. ಮೂರು ತಂಡಗಳೂ 89 ಗೆಲುವು, 73 ಸೋಲು: ಮೆಟ್ಸ್, ಅಟ್ಲಾಂಟಾ, ಅರಿಝೋನಾ. ಮೂರನೆಯದು ಮನೆಯಲ್ಲಿ ಟಿವಿ ನೋಡುತ್ತಲೇ ಹೊರಬಿತ್ತು.

ಹಿಂದೆ ಹೀಗೆ ಸಮವಾದರೆ 163ನೇ ಪಂದ್ಯ ಎಂಬುದೊಂದಿತ್ತು, ಮೈದಾನದಲ್ಲೇ ತೀರ್ಮಾನ. 2022ರಲ್ಲಿ ಮೂರು ಪಂದ್ಯಗಳ ಸುತ್ತಿಗೆ ಜಾಗ ಮಾಡಲು ಅದನ್ನು ತೆಗೆದು, ಪರಸ್ಪರ ಆಡಿದ ಪಂದ್ಯಗಳ ಲೆಕ್ಕವನ್ನು ತಂದರು. ಆ ಸೋಮವಾರದ ಬೆಲೆಯನ್ನು ಅಟ್ಲಾಂಟಾ ಬೇರೆ ರೀತಿಯಲ್ಲೂ ತೆತ್ತಿತು. ಬೇಸ್‌ಬಾಲ್‌ನಲ್ಲಿ ಆರಂಭಿಕ ಪಿಚರ್ ಒಮ್ಮೆ ಎಸೆದರೆ ಮತ್ತೆ ಬರುವುದು ಐದನೇ ದಿನದ ಹೊತ್ತಿಗೆ. ಎರಡು ಪಂದ್ಯಕ್ಕೆ ಇದ್ದಬದ್ದ ತೋಳುಗಳನ್ನೆಲ್ಲ ಬಳಸಿ, ಬೆನ್ನುನೋವಿನಿಂದ ಕ್ರಿಸ್ ಸೇಲ್ ಎಂಬ ತನ್ನ ಅತ್ಯುತ್ತಮ ಪಿಚರ್‌ನನ್ನೂ ಕಳೆದುಕೊಂಡು, ದೇಶದ ಇನ್ನೊಂದು ತುದಿಯ ಸ್ಯಾನ್ ಡಿಯಾಗೊಗೆ ಹಾರಿ ಮರುದಿನವೇ ಆಡಿತು. ಎರಡೇ ಪಂದ್ಯಕ್ಕೆ ಕತೆ ಮುಗಿಯಿತು. ಅದೇ ಆಯಾಸ ಹೊತ್ತು ಮಿಲ್ವಾಕಿಗೆ ಹಾರಿದ ಮೆಟ್ಸ್ ಮಾತ್ರ ಗೆದ್ದಿತು. ಹಾಗೆಂದು ಆ ವೇಳಾಪಟ್ಟಿ ಸರಿಯಾಗಿತ್ತು ಎಂದಾಗುವುದಿಲ್ಲ.

ಋತುವನ್ನು ಹಳೆಯ 154 ಪಂದ್ಯಕ್ಕೆ ಇಳಿಸಿ ಎಂಬ ಸಲಹೆ ಇಲ್ಲಿ ಬರುತ್ತದೆ. 1961ರಲ್ಲಿ ಅಮೆರಿಕನ್ ಲೀಗ್, ಮರುವರ್ಷ ನ್ಯಾಷನಲ್ ಲೀಗ್ 162ಕ್ಕೆ ಏರಿದವು. ಎಂಟು ಪಂದ್ಯ ಕಡಿಮೆಯಾದರೆ ಮಳೆಗೊಂದು, ಸಮಬಲಕ್ಕೊಂದು, ಪಿಚರ್‌ಗಳ ತೋಳಿಗೊಂದು ದಿನ ಸಿಗುತ್ತದೆ. ಸಿಗುವುದಿಲ್ಲ ಏಕೆಂದರೆ ಪ್ರತಿ ಮಾಲೀಕನಿಗೆ ನಾಲ್ಕು ದಿನದ ಟಿಕೆಟ್, ಪಾರ್ಕಿಂಗ್, ಬಿಯರ್ ಹಣ ಹೋಗುತ್ತದೆ. ಸಂಬಳ ಕಡಿತಕ್ಕೆ ಆಟಗಾರರೂ ಒಪ್ಪುವುದಿಲ್ಲ. ದಾಖಲೆಗಳ ಮೋಹ ಬೇರೆ ಇದೆ. 1961ರಲ್ಲಿ ರೋಜರ್ ಮ್ಯಾರಿಸ್ 61 ಹೋಮ್ ರನ್ ಹೊಡೆದಾಗ, ಬೇಬ್ ರೂತ್ 60 ಹೊಡೆದದ್ದು 154 ಪಂದ್ಯಗಳ ಕಾಲದಲ್ಲಿ ಎಂದು ಅಂದಿನ ಕಮಿಷನರ್ ತಕರಾರು ತೆಗೆದಿದ್ದ ಆಟವಿದು.

ಮಾಲೀಕರ ಹಳೆಯ ಬೇಡಿಕೆಯಾದ 14 ತಂಡಗಳ ಪ್ಲೇ ಆಫ್ ಬಂದರೆ ಲೀಗ್‌ಗೆ ಏಳು ತಂಡ. ಏಳನ್ನು ನಾಲ್ಕಕ್ಕೆ ಇಳಿಸಬೇಕೆಂದರೆ ಒಬ್ಬರಿಗೆ ಮಾತ್ರ ಬಿಡುವು, ಎರಡನೆಯವರೂ ಮೂರು ಪಂದ್ಯಗಳ ಸುತ್ತಿಗೆ ಇಳಿಯಬೇಕು. ನಮ್ಮ ಲೆಕ್ಕದಲ್ಲಿ ಆ ಎರಡನೇ ತಂಡದ ಚಾಂಪಿಯನ್ ಆಗುವ ಸಾಧ್ಯತೆ 22ರಿಂದ 13ಕ್ಕೆ ಕುಸಿಯುತ್ತದೆ. ಆಟಗಾರರ ಸಂಘ ಕಳೆದ ಸಲ ವಿರೋಧಿಸಿದ್ದು ಗಣಿತಕ್ಕಾಗಿ ಅಲ್ಲ, ಹೊಟ್ಟೆಪಾಡಿಗಾಗಿ. 84 ಗೆಲುವಿಗೆ ಪ್ಲೇ ಆಫ್ ಸಿಗುವುದಾದರೆ, 95 ಗೆಲ್ಲುವ ತಂಡ ಕಟ್ಟಲು ಮಾಲೀಕ ದೊಡ್ಡ ಸಂಬಳ ಏಕೆ ಕೊಡುತ್ತಾನೆ? ಈ ಪ್ರಶ್ನೆಗೆ ಮಾಲೀಕರ ಬಳಿ ಒಳ್ಳೆಯ ಉತ್ತರ ಇದ್ದಂತೆ ನನಗೆ ಕಾಣಲಿಲ್ಲ. ತಂಡಗಳ ಸಂಖ್ಯೆ 32ಕ್ಕೆ ಏರಿಸಿ ಭೂಗೋಳದ ಪ್ರಕಾರ ಡಿವಿಜನ್‌ಗಳನ್ನು ಮತ್ತೆ ಜೋಡಿಸುವ ಮಾತನ್ನು ಮ್ಯಾನ್‌ಫ್ರೆಡ್ ಆಡಿದ್ದಾರೆ. ನಾಲ್ಕು ನಾಲ್ಕು ತಂಡಗಳ ಎಂಟು ಡಿವಿಜನ್ ಆದರೆ ಪ್ರಯಾಣ ಕಡಿಮೆಯಾಗುತ್ತದೆ, ಒಳ್ಳೆಯದೇ. ಆದರೆ ನಾಲ್ವರಲ್ಲಿ ಮೂವರು ಸೋತು ಸುಣ್ಣವಾದ ಡಿವಿಜನ್‌ನಲ್ಲಿ 80 ಪಂದ್ಯ ಗೆದ್ದವನೂ ವಿಜೇತನಾಗಿ, 95 ಗೆದ್ದ ವೈಲ್ಡ್ ಕಾರ್ಡ್ ತಂಡವನ್ನು ತನ್ನ ಅಂಗಳಕ್ಕೆ ಕರೆಸಿಕೊಳ್ಳಬಹುದು. ಕ್ರಮಾಂಕವನ್ನು ಡಿವಿಜನ್ ಬಿರುದಿಗೆ ಬದಲು ಒಟ್ಟು ಗೆಲುವಿನ ಮೇಲೆ ಕೊಟ್ಟರೆ ಇದು ತಪ್ಪುತ್ತದೆ. ಹೊಸ ಒಪ್ಪಂದದಲ್ಲಿ ಒಂದೇ ಸಾಲು ಬದಲಿಸಲು ಅವಕಾಶವಿದೆ ಎಂದರೆ ನಾನು ಬದಲಿಸುವುದು ಇದನ್ನೇ. ಒಂದು ಗೆಲುವಿನ ಮುನ್ನಡೆ ಎರಡನೆಯದು.

ಆ ಮುನ್ನಡೆ ಎಲ್ಲರನ್ನೂ ಕಾಪಾಡುತ್ತಿತ್ತು ಎಂದೇನಲ್ಲ. 2025ರಲ್ಲಿ ಎಲ್ಲರಿಗಿಂತ ಹೆಚ್ಚು, 97 ಪಂದ್ಯ ಗೆದ್ದದ್ದು ಮಿಲ್ವಾಕಿ. ಸಣ್ಣ ಊರು, ಸಣ್ಣ ಸಂಬಳದ ಪಟ್ಟಿ, ಇದುವರೆಗೆ ಒಂದೂ ವರ್ಲ್ಡ್ ಸೀರೀಸ್ ಗೆಲ್ಲದ ತಂಡ. ಲೀಗ್ ಫೈನಲ್‌ನಲ್ಲಿ ಎದುರಾದದ್ದು 93 ಗೆದ್ದ, ಮೂರನೇ ಕ್ರಮಾಂಕದ ಡಾಡ್ಜರ್ಸ್. ನಾಲ್ಕು ಪಂದ್ಯಗಳಲ್ಲಿ ಪಂದ್ಯಕ್ಕೊಂದರಂತೆ ಮಿಲ್ವಾಕಿ ಗಳಿಸಿದ್ದು ನಾಲ್ಕೇ ರನ್. ನಾಲ್ಕನೇ ಪಂದ್ಯದಲ್ಲಿ ಶೊಹೆ ಒಟಾನಿ ಪಿಚರ್ ಆಗಿ ಹತ್ತು ಜನರನ್ನು ಔಟ್ ಮಾಡಿ, ಅದೇ ರಾತ್ರಿ ಬ್ಯಾಟರ್ ಆಗಿ ಮೂರು ಹೋಮ್ ರನ್ ಹೊಡೆದರು. ಜಪಾನಿನ ನಿಯಮ ಇದ್ದಿದ್ದರೂ ಮಿಲ್ವಾಕಿ ಆ ಸರಣಿಯನ್ನು 4–0 ಬದಲು 4–1ರಿಂದ ಸೋಲುತ್ತಿತ್ತು.